ಗನ್ ಪಾಲಿಶ್‌ಗೆ ತಿನ್ನರ್ ಕಣ್ಣಳತೆಯಲ್ಲಿ ಬೇಡ, ಅಳೆದು ಹಾಕೋಣ

ಮಾನ್ಯ ಸಂಪಾದಕರೇ,

ಗೃಹಪ್ರವೇಶ ಮುಗಿದು ಎರಡು ಮೂರು ತಿಂಗಳು ಕಳೆದಿರುವುದಿಲ್ಲ, ಅಷ್ಟರಲ್ಲಿ ಮುಂಬಾಗಿಲಿನ ಪಾಲಿಶ್ ಬೆಳ್ಳಗೆ ಮಂಕಾಗಿರುತ್ತದೆ, ಇಲ್ಲಾ ವಾರ್ಡ್‌ರೋಬ್ ಬಾಗಿಲಿಗೆ ಉಗುರು ಒತ್ತಿದರೆ ಗುರುತು ಉಳಿಯುತ್ತದೆ, ಇಲ್ಲಾ ಊಟದ ಟೇಬಲ್ ಮೇಲೆ ಕೈ ಆಡಿಸಿದರೆ ತರಿ ತರಿ. ಮನೆಯವರು ಪಾಲಿಶ್‌ನವನನ್ನು ಬೈಯುತ್ತಾರೆ. ಪಾಲಿಶ್‌ನವನು ಮರ ಹಸಿ ಇತ್ತು ಅನ್ನುತ್ತಾನೆ. ಆಚಾರಿ ಕಂಪನಿ ಮಾಲೇ ಸರಿಯಿಲ್ಲ ಅನ್ನುತ್ತಾನೆ. ಸ್ಪ್ರೇ ಗನ್ನಿಗೆ ತುಂಬುವ ಮುಂಚೆ ಪಾಲಿಶ್ ತೆಳು ಮಾಡಲು ಯಾವ ತಿನ್ನರ್ ಹಾಕಿದಿರಿ, ಎಷ್ಟು ಹಾಕಿದಿರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಶಿವಮೊಗ್ಗ ಕಡೆ ಮರದ ಪಾಲಿಶ್ ಕೆಲಸ ಮಾಡಿಕೊಂಡು ಬಂದವನು. ಬೆಂಗಳೂರಿನಲ್ಲೂ ಬಳ್ಳಾರಿ ಕಡೆಯೂ ಸೈಟ್ ಮಾಡಿದ್ದೇನೆ. ಇಂಥ ದೂರುಗಳನ್ನು ಕೆದಕಿ ನೋಡಿದರೆ ಬಹಳಷ್ಟು ಕಡೆ ಸಿಗುವುದು ತಿನ್ನರ್ ವಿಷಯವೇ. ಮನೆ ಕಟ್ಟಿಸುವವರು, ನಮ್ಮ ಕೆಲಸದ ಹುಡುಗರು, ಸರ್ಕಾರದವರು ಎಲ್ಲರೂ ಪತ್ರಿಕೆ ಓದುತ್ತಾರೆ, ಅದಕ್ಕೇ ಪತ್ರ ಸ್ವಲ್ಪ ಉದ್ದ ಆದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ತಿನ್ನರ್ ಯಾಕೆ ಬೇಕು ಅನ್ನುವುದರಿಂದಲೇ ಶುರು ಮಾಡುತ್ತೇನೆ. ಬ್ರಶ್‌ನಲ್ಲಿ ಹಚ್ಚುವಾಗ ವಾರ್ನಿಶ್ ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ, ಕೈ ಅದನ್ನು ಎಳೆದು ಹರಡುತ್ತದೆ. ಗನ್‌ನಲ್ಲಿ ಹಾಗಲ್ಲ. ನಾಜಲ್ ತೂತು ಕೊನೆಯ ಕೋಟ್‌ಗೆ 1.3 ಅಥವಾ 1.4 ಮಿಲಿಮೀಟರ್, ಮೊದಲು ಹೊಡೆಯುವ ಸೀಲರ್‌ಗೆ 1.8ರ ತನಕ ಇರುತ್ತದೆ. ಅಷ್ಟು ಸಣ್ಣ ತೂತಿನಿಂದ ಬರುವ ಮಾಲನ್ನು ಕಂಪ್ರೆಸರ್ ಗಾಳಿ ಒಡೆದು ಹನಿ ಮಾಡಬೇಕು, ಆ ಹನಿ ಮರದ ಮೇಲೆ ಕೂತು ಒಂದಕ್ಕೊಂದು ಕೂಡಿಕೊಂಡು ಸಮ ಆಗಬೇಕು, ಆಮೇಲೆ ಒಣಗಬೇಕು. ಮಾಲು ದಪ್ಪ ಇದ್ದರೆ ಹನಿ ದೊಡ್ಡದಾಗುತ್ತದೆ, ಸಮ ಆಗುವ ಮುಂಚೆಯೇ ಬಿಗಿಯುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಕಾಣುತ್ತದೆ. ಅದನ್ನು ನೋಡಿ ಕೆಲವರು ಗಾಳಿ ಏರಿಸುತ್ತಾರೆ. ಆಗ ಮಾಲಿನ ಬಹುಪಾಲು ಮರಕ್ಕೆ ತಾಗದೆ ಕೋಣೆಯ ಗಾಳಿಗೆ ಸೇರುತ್ತದೆ, ನಮ್ಮ ಎದೆಗೂ ಹೋಗುತ್ತದೆ. ಮಾಲು ತೀರಾ ತೆಳುವಾದರೆ ನಿಂತ ಬಾಗಿಲಲ್ಲಿ ಇಳಿಯುತ್ತದೆ, ಅಂಚಿನಲ್ಲಿ ನಿಲ್ಲುವುದೇ ಇಲ್ಲ.

ಸರಿ, ಎಷ್ಟು ಹಾಕಬೇಕು? ನಮ್ಮಲ್ಲಿ ರೂಢಿ ಏನೆಂದರೆ, ಒಂದು ಕಡ್ಡಿ ಅದ್ದಿ ಎತ್ತುವುದು, ಅದರಿಂದ ಮಾಲು ಹೇಗೆ ಇಳಿಯುತ್ತದೆ ನೋಡುವುದು, 'ಸಾಕು' ಅನ್ನುವುದು. ಹಳೆಯ ಕೈಗಳು ಇದರಲ್ಲಿ ಪಳಗಿರುತ್ತವೆ, ಒಪ್ಪುತ್ತೇನೆ, ಆ ಹಿರಿಯರ ಕೈಗೆ ನಮಸ್ಕಾರ. ಆದರೆ ಅವರ ಕೈ ಪಳಗಿದ್ದು ಒಂದೋ ಎರಡೋ ಥರದ ಮಾಲಿನಲ್ಲಿ. ಈಗ ಅಂಗಡಿಗೆ ಹೋದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್), ಮೆಲಮೈನ್, ಪಿಯು (ಪಾಲಿಯುರೆಥೇನ್), ನೀರಿನ ಪಾಲಿಶ್, ಅದರಲ್ಲೂ ಮ್ಯಾಟ್, ಗ್ಲಾಸಿ ಅಂತ ಹತ್ತು ಬಗೆ. ಒಂದಕ್ಕೆ ಸರಿ ಇದ್ದದ್ದು ಇನ್ನೊಂದಕ್ಕೆ ಸರಿ ಆಗುವುದಿಲ್ಲ. ಹೊಸ ಹುಡುಗನಿಗಂತೂ ಕಡ್ಡಿ ಏನೂ ಹೇಳುವುದಿಲ್ಲ.

ಇದಕ್ಕೆ ಒಂದು ಸಣ್ಣ ಸಾಧನ ಇದೆ, ಫೋರ್ಡ್ ಕಪ್ ಅನ್ನುತ್ತಾರೆ, ನಮ್ಮ ಕಡೆ ಬಿ4 ಕಪ್ ಅಂತಲೂ ಸಿಗುತ್ತದೆ. ಮುಷ್ಟಿಯಷ್ಟಿರುವ ಲೋಹದ ಬಟ್ಟಲು, 100 ಮಿಲಿ ಆಸುಪಾಸು ಹಿಡಿಯುತ್ತದೆ, ತಳದಲ್ಲಿ ಸುಮಾರು 4 ಮಿಲಿಮೀಟರ್ ತೂತು. ಬಳಸುವುದು ಹೀಗೆ. ಪಾಲಿಶ್‌ನ ಬೇಸ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೇರೆ ಡಬ್ಬದಲ್ಲಿ ಇದ್ದರೆ ಮೊದಲು ಅದನ್ನು ಡಬ್ಬದ ಮೇಲಿನ ಲೆಕ್ಕದಲ್ಲಿ ಬೆರೆಸಿಕೊಳ್ಳಿ, ಆಮೇಲೆ ತಿನ್ನರ್ ಸ್ವಲ್ಪ ಸ್ವಲ್ಪ ಹಾಕಿ ತಳದಿಂದ ಕದಡಿ. ಕದಡಿದ ತಕ್ಷಣ ಅಳೆಯಬೇಡಿ, ಐದು ಹತ್ತು ನಿಮಿಷ ಬಿಡಿ, ಗುಳ್ಳೆ ಏರಿ ಹೋಗಲಿ. ಸಣ್ಣ ಜಾಲರಿಯ ಫಿಲ್ಟರ್‌ನಲ್ಲಿ ಸೋಸಿ. ಕಪ್ಪಿನ ತೂತಿಗೆ ಬೆರಳು ಒತ್ತಿ ಹಿಡಿದು ಕಂಠದ ತನಕ ತುಂಬಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ ಕ್ಷಣಕ್ಕೆ ಬೆರಳು ತೆಗೆಯಿರಿ. ಮಾಲು ಒಂದೇ ದಾರವಾಗಿ ಇಳಿಯುತ್ತಾ ಹೋಗುತ್ತದೆ. ಕಪ್ ಪೂರ್ತಿ ಖಾಲಿ ಆಗುವ ತನಕ ಕಾಯುವುದಲ್ಲ, ಆ ದಾರ ಮೊದಲ ಸಲ ತುಂಡಾಗಿ ಹನಿ ಬೀಳಲು ಶುರುವಾಯಿತು ನೋಡಿ, ಅಲ್ಲಿಗೆ ವಾಚ್ ನಿಲ್ಲಿಸಬೇಕು. ಮಾಲಿನ ಬಟ್ಟಲು ಮೇಲಿರುವ ಗ್ರಾವಿಟಿ ಗನ್ನಿಗೆ ಮರದ ಪಾಲಿಶ್ ಸಾಮಾನ್ಯವಾಗಿ 18ರಿಂದ 22 ಸೆಕೆಂಡಿನ ಒಳಗೆ ಚೆನ್ನಾಗಿ ಹೊಡೆಯುತ್ತದೆ, ಆದರೆ ಕಂಪನಿ ತನ್ನ ಹಾಳೆಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆ ಮಾತು. 30 ಸೆಕೆಂಡ್ ಬಂತಾ, ಇನ್ನೊಂದಿಷ್ಟು ತಿನ್ನರ್ ಹಾಕಿ. 14ಕ್ಕೆ ಮುಗಿಯಿತಾ, ತಿನ್ನರ್ ಜಾಸ್ತಿ ಆಯಿತು, ಅದೇ ಲೆಕ್ಕದಲ್ಲಿ ಹಾರ್ಡನರ್ ಬೆರೆಸಿದ, ಆದರೆ ತಿನ್ನರ್ ಹಾಕದ ಮಾಲು ಸೇರಿಸಿ. ಆಮೇಲೆ ಒಂದು ಪ್ಲೈವುಡ್ ತುಂಡಿನ ಮೇಲೆ ಆರೇಳು ಇಂಚು ದೂರದಿಂದ ಹೊಡೆದು ನೋಡಿ. ಒಳ್ಳೆಯದು ಬಂದರೆ ಆ ಸೆಕೆಂಡನ್ನು ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿಡಿ, ನಾಳೆ ಇನ್ನೊಬ್ಬ ಬಂದು ಬೆರೆಸಿದರೂ ಅದೇ ಮಾಲು ಸಿಗುತ್ತದೆ.

ಬೆಳಗ್ಗೆ ಅಳೆದದ್ದು ಮಧ್ಯಾಹ್ನಕ್ಕೆ ಆಗುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಬಿಸಿ ಏರಿದರೆ ಅದೇ ಮಾಲು ತೆಳುವಾಗುತ್ತದೆ, ಚಳಿಗೆ ದಪ್ಪ ಆಗುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ಡಬ್ಬ ತೆರೆದರೆ ಮಾಲು ಕದಲುವುದೇ ಇಲ್ಲ, ಆಗ ಹುಡುಗರು ತಿನ್ನರ್ ಸುರಿಯುತ್ತಾರೆ. ಅದರ ಬದಲು ಮುಚ್ಚಳ ಸಡಿಲ ಮಾಡಿದ ಡಬ್ಬವನ್ನು ಉಗುರು ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ನೀರು ಒಳಗೆ ಹೋಗಬಾರದು ಅಷ್ಟೇ. ಒಲೆ, ಹೀಟರ್ ಹತ್ತಿರಕ್ಕೂ ಒಯ್ಯಬೇಡಿ.

ತಿನ್ನರ್ ಜಾಸ್ತಿ ಹಾಕಿದರೆ ಏನು ನಷ್ಟ, ಹೇಗೂ ಆರಿ ಹೋಗುತ್ತದಲ್ಲ ಅಂತ ಕೇಳುವವರು ಇದ್ದಾರೆ. ಆರಿ ಹೋಗುವುದೇ ನಷ್ಟ! ಲೆಕ್ಕ ನೋಡಿ. ಒಂದು ಲೀಟರ್ ಪಾಲಿಶ್‌ನಲ್ಲಿ ಒಣಗಿದ ಮೇಲೆ ಮರದ ಮೇಲೆ ಉಳಿಯುವ ಗಟ್ಟಿ ಭಾಗ ನೂರಕ್ಕೆ 40 ಪಾಲು ಅಂದುಕೊಳ್ಳಿ. ಅದಕ್ಕೆ ಒಂದು ಲೀಟರ್ ತಿನ್ನರ್ ಸೇರಿಸಿದರೆ ಗಟ್ಟಿ ಭಾಗ 20 ಪಾಲಿಗೆ ಇಳಿಯಿತು. 100 ಮೈಕ್ರಾನ್ (ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ) ದಪ್ಪದ ಹಸಿ ಕೋಟ್ ಹೊಡೆದರೆ ಒಣಗಿದ ಮೇಲೆ ಉಳಿಯುವುದು 20 ಮೈಕ್ರಾನ್. ಇನ್ನೂ ಅರ್ಧ ಲೀಟರ್ ಸುರಿದರೆ 16. ಮನೆಯವರಿಗೆ ನಾಲ್ಕು ಕೋಟ್ ಅಂತ ಹೇಳಿರುತ್ತಾರೆ, ನಾಲ್ಕು ಸಲ ಗನ್ ಆಡಿದ್ದನ್ನು ಮನೆಯವರೂ ಕಣ್ಣಾರೆ ನೋಡಿರುತ್ತಾರೆ, ಆದರೆ ಮರದ ಮೇಲೆ ಕೂತಿರುವುದು ಮೂರು ಕೋಟ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ. ಚದರ ಅಡಿಗೆ ಇಷ್ಟು ಅಂತ ಮಾಲು ಸೇರಿಸಿ ರೇಟ್ ಹಿಡಿದ ಮೇಲೆ, ಅದರಲ್ಲೂ ಆ ರೇಟನ್ನು ಜಗ್ಗಿ ಜಗ್ಗಿ ಇಳಿಸಿದ ಮೇಲೆ, ಡಬ್ಬವನ್ನು ಹಿಗ್ಗಿಸುವ ಆಸೆ ಬರುವುದು ಸಹಜ. ಕೆಲಸಗಾರನನ್ನು ಒಬ್ಬನನ್ನೇ ದೂರಿ ಪ್ರಯೋಜನ ಇಲ್ಲ. ಹತ್ತು ಕಡೆ ಕೊಟೇಶನ್ ತೆಗೆದು ಅತಿ ಕಡಿಮೆಯವನಿಗೇ ಕೆಲಸ ಕೊಟ್ಟವರಿಗೂ ಇದರಲ್ಲಿ ಪಾಲಿದೆ.

ಅಳತೆಗಿಂತ ದೊಡ್ಡ ತೊಂದರೆ ಎಂದರೆ ಲೂಸ್ ತಿನ್ನರ್. ಊರೂರಲ್ಲಿ ನೀರಿನ ಬಾಟಲಿಯಲ್ಲಿ, ಹಳೆ ಎಣ್ಣೆ ಕ್ಯಾನ್‌ನಲ್ಲಿ ಹೆಸರಿಲ್ಲದ ತಿನ್ನರ್ ಮಾರುತ್ತಾರೆ. ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ಬಣ್ಣ ಇಲ್ಲ, ವಾಸನೆ ಖಾರ ಇದೆ, ಹಾಗಾದರೆ ತಿನ್ನರ್. ಗನ್ ತೊಳೆಯಲು ಸರಿ, ಮರಕ್ಕೆ ಬೇಡವೇ ಬೇಡ. ಇದರಲ್ಲಿ ಅತಿ ಕೆಟ್ಟ ಜೋಡಿ ಅಂದರೆ ಎರಡು ಡಬ್ಬದ ಪಿಯುಗೆ ಎನ್‌ಸಿ ತಿನ್ನರ್ ಹಾಕುವುದು. ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಬೇಸ್ ಜೊತೆ ಬೆಸೆದುಕೊಂಡರೆ ತಾನೇ ಪಿಯು ಗಟ್ಟಿ ಆಗುವುದು. ಎನ್‌ಸಿ ತಿನ್ನರ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಹಾರ್ಡನರ್ ಬೇಸ್ ಬಿಟ್ಟು ಆ ಆಲ್ಕೋಹಾಲ್ ಜೊತೆ ಸೇರಿಕೊಳ್ಳುತ್ತದೆ, ಬೇಸ್‌ಗೆ ಹಾರ್ಡನರ್ ಸಾಲುವುದಿಲ್ಲ. ಹೊಡೆದ ದಿನ ಫಳಫಳ ಹೊಳೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ವಾರ ಕಳೆದರೂ ಒಳಗೆ ಮೆತ್ತಗೇ ಇರುತ್ತದೆ. ಉಗುರಿನ ಗುರುತು ಬೀಳುವುದು, ಹೂಜಿ ಇಟ್ಟಲ್ಲಿ ಬಳೆ ಮೂಡುವುದು ಆಮೇಲೆ. ತಿನ್ನರ್‌ನಲ್ಲಿ ನೀರಿನ ಅಂಶ ಇದ್ದರಂತೂ ಹಾರ್ಡನರ್ ನೀರಿನ ಜೊತೆ ಸೇರಿ ಗ್ಯಾಸ್ ಹುಟ್ಟುತ್ತದೆ, ಕೋಟ್ ಒಳಗೆ ಸೂಜಿ ಮೊನೆಯಷ್ಟು ಗುಳ್ಳೆ ನಿಲ್ಲುತ್ತವೆ. ಅದನ್ನು ಎಷ್ಟು ಪೇಪರ್ ಹಾಕಿ ಉಜ್ಜಿದರೂ ಹೋಗುವುದಿಲ್ಲ, ಪೂರ್ತಿ ತೆಗೆದು ಮತ್ತೆ ಹೊಡೆಯಬೇಕು. ಲೀಟರಿಗೆ ಉಳಿಸಿದ ಐವತ್ತು ಅರವತ್ತು ರೂಪಾಯಿಗೆ ಇಡೀ ಬಾಗಿಲಿನ ಕೆಲಸ ಹೋಗುತ್ತದೆ, ಯಾರ ಲಾಭಕ್ಕೆ ಹೇಳಿ?

ಇನ್ನು ಹವೆ. ನಮ್ಮ ರಾಜ್ಯದಲ್ಲಿ ಒಂದೇ ತಿನ್ನರ್ ಎಲ್ಲ ಕಡೆ, ಎಲ್ಲ ಕಾಲಕ್ಕೆ ಆಗುವುದಿಲ್ಲ. ಜುಲೈನಲ್ಲಿ ಸಾಗರ, ತೀರ್ಥಹಳ್ಳಿ ಕಡೆ ಎನ್‌ಸಿ ಹೊಡೆದು ನೋಡಿ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ನೋಡ ನೋಡುತ್ತಲೇ ಬೀಟೆ ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ನಿಧಾನವಾಗಿ ಆರುವ ರಿಟಾರ್ಡರ್ ಅನ್ನುವ ತಿನ್ನರ್ ಇದೆ, ಸ್ವಲ್ಪವೇ ಬೆರೆಸಿದರೆ ಕೋಟ್ ಸ್ವಲ್ಪ ಹೊತ್ತು ತೆರೆದಿರುತ್ತದೆ, ತೇವ ಹೊರಗೆ ಹೋಗಲು ದಾರಿ ಸಿಗುತ್ತದೆ. ಬೆಳ್ಳಗಾದ ಮೇಲೂ ಅದನ್ನೇ ತೆಳ್ಳಗೆ ಮೇಲೆ ಹೊಡೆದರೆ ಎಷ್ಟೋ ಸಲ ತಿಳಿಯಾಗುತ್ತದೆ. ಆದರೆ ಗಾಳಿಯಲ್ಲಿ ತೇವ ಶೇ 85 ದಾಟಿದ ದಿನ ಗನ್ ಕೆಳಗಿಡುವುದೇ ವಾಸಿ, ಗೃಹಪ್ರವೇಶದ ಮುಹೂರ್ತ ನಾಳೆಯೇ ಇದ್ದರೂ. ಮಳೆಗಾಲದ ಮುಹೂರ್ತ ಇಟ್ಟವರು ಪಾಲಿಶ್‌ಗೆ ನಾಲ್ಕು ದಿನ ಜಾಸ್ತಿ ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಮೇ ತಿಂಗಳ ಕಥೆ ಇದರ ಉಲ್ಟಾ. ಅಲ್ಲಿ 40 ಡಿಗ್ರಿ ಬಿಸಿಲಿಗೆ ಹನಿ ಗನ್ನಿಂದ ಮರಕ್ಕೆ ಹೋಗುವಷ್ಟರಲ್ಲೇ ಅರ್ಧ ಒಣಗಿರುತ್ತದೆ, ಮೇಲೆ ಪುಡಿ ಕೂತು ಒರಟಾಗುತ್ತದೆ. ಅಲ್ಲೂ ಬೇಕಾದದ್ದು ನಿಧಾನದ ತಿನ್ನರ್, ಜಾಸ್ತಿ ತಿನ್ನರ್ ಅಲ್ಲ. ಬೆಳಗ್ಗೆ ಹತ್ತರೊಳಗೆ ಮುಗಿಸಿದರೆ ಇನ್ನೂ ಒಳ್ಳೆಯದು.

ನೀರಿನ ಪಾಲಿಶ್ ಬಗ್ಗೆ ಒಂದೇ ಮಾತು: ಅದಕ್ಕೆ ಶುದ್ಧ ನೀರು, ಅದೂ ಡಬ್ಬ ಹೇಳಿದಷ್ಟೇ. ಸಾಮಾನ್ಯವಾಗಿ ನೂರಕ್ಕೆ ಐದು ಹತ್ತು ಪಾಲು ದಾಟುವುದಿಲ್ಲ.

ಆರೋಗ್ಯದ ವಿಷಯಕ್ಕೆ ಬಂದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಬಾಗಿಲು ಕಿಟಕಿ ಮುಚ್ಚಿ, ಧೂಳು ಬೀಳಬಾರದು ಅಂತ ಫ್ಯಾನೂ ಹಾಕದೆ, ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡು ಹುಡುಗರು ಪಿಯು ಹೊಡೆಯುತ್ತಾರೆ. ಟವೆಲ್ ಧೂಳು ತಡೆಯಬಹುದು, ಆವಿ ತಡೆಯುವುದಿಲ್ಲ. ತಿನ್ನರ್‌ನಲ್ಲಿರುವ ಟೊಲ್ಯೂಯಿನ್‌ನಿಂದ ತಲೆನೋವು, ತಲೆಸುತ್ತು, ಸಂಜೆ ಊಟ ಸೇರುವುದಿಲ್ಲ. ಪಿಯು ಹಾರ್ಡನರ್‌ನ ಐಸೊಸೈನೇಟ್ ಇನ್ನೂ ಅಪಾಯ, ಅದರಿಂದ ಆಸ್ತಮಾ ಬರುತ್ತದೆ, ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಚೂರು ವಾಸನೆಗೂ ಉಸಿರು ಕಟ್ಟುತ್ತದೆ. ಅಂಥವರು ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಎರಡು ಬದಿಗೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇ ಬೇಕು, ಕಾರ್ಟ್ರಿಜ್ ಆಗಾಗ ಬದಲಿಸಬೇಕು, ಕೋಣೆಯ ಗಾಳಿ ಹೊರಗೆ ಹೋಗಬೇಕು. ದಿನವೂ ಪಿಯು ಹೊಡೆಯುವ ಕಾರ್ಖಾನೆಗಳಲ್ಲಿ ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕೇ ಸರಿ. ಬೆಂಕಿಯ ಮಾತೂ ಮರೆಯಬಾರದು. ಟೊಲ್ಯೂಯಿನ್ 4 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಗೂ ಹೋಗುತ್ತದೆ. ಅಡುಗೆಮನೆಯಲ್ಲಿ ಸ್ಟವ್, ದೇವರ ಕೋಣೆಯಲ್ಲಿ ದೀಪ ಇರುವ ಮನೆಯಲ್ಲಿ, ಜನ ವಾಸ ಇರುವಾಗಲೇ ಗನ್ ಪಾಲಿಶ್ ಮಾಡಿಸುವವರು ಇದನ್ನು ಯೋಚಿಸಬೇಕು. ಆ ದಿನ ದೀಪ ಬೇಡ, ಒಲೆ ಬೇಡ, ಮಕ್ಕಳನ್ನು ಬೇರೆ ಮನೆಗೆ ಕಳಿಸಿ.

ಈಗ ಸರ್ಕಾರದವರಿಗೆ ಹೇಳಬೇಕಾದದ್ದು. ಮೇಲೆ ನಾನು ಬರೆದದ್ದರಲ್ಲಿ ಎಷ್ಟೋ ವಿಷಯ ಡಬ್ಬದ ಮೇಲೋ ಕಂಪನಿಯ ಹಾಳೆಯಲ್ಲೋ ಇರುತ್ತದೆ, ಆದರೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಹೆಚ್ಚು ಓದದ ನಮ್ಮ ಹುಡುಗರು ಅದನ್ನು ಓದುವುದಾದರೂ ಹೇಗೆ? 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಡಬ್ಬದ ಮೇಲೆ ಇರಲೇಬೇಕಾದ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು, ಬೇರೆ ಭಾಷೆ ಸೇರಿಸಿಕೊಳ್ಳಲು ಅಡ್ಡಿಯೂ ಇಲ್ಲ. ನಮ್ಮದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕಿಂತ ಮೊದಲು ಇದು ಬೇಕಾಗಿರುವುದು ತಿನ್ನರ್, ಹಾರ್ಡನರ್ ಥರದ ಮಾಲಿಗೆ ಅಲ್ವಾ? ಹೊರ ರಾಜ್ಯದಿಂದ ಬರುವ ಡಬ್ಬಕ್ಕೂ ಒಂದು ಕನ್ನಡ ಚೀಟಿ ಅಂಟಿಸಿ ಅಂತ ಕಂಪನಿಗಳನ್ನು ಕೇಳಬಹುದು. ಅದರಲ್ಲಿ ಜಾಸ್ತಿ ಏನೂ ಬೇಡ. ಯಾವ ತಿನ್ನರ್, ಎಷ್ಟು ಪಾಲು, ಕಪ್‌ನಲ್ಲಿ ಎಷ್ಟು ಸೆಕೆಂಡ್, ಬೆರೆಸಿದ ಮೇಲೆ ಎಷ್ಟು ಗಂಟೆಯೊಳಗೆ ಮುಗಿಸಬೇಕು, ಯಾವ ಮಾಸ್ಕ್. ಜೊತೆಗೆ ಚಿತ್ರ ಇದ್ದರೆ ಬಿಹಾರ, ಉತ್ತರಪ್ರದೇಶದಿಂದ ಬಂದು ನಮ್ಮ ಜೊತೆ ದುಡಿಯುವ ಹುಡುಗರಿಗೂ ತಿಳಿಯುತ್ತದೆ.

ಇನ್ನೊಂದು ವಿಷಯ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಬಡಗಿ ಇದ್ದಾನೆ, ಸಾಧನಕ್ಕೆ 15,000 ರೂಪಾಯಿ ತನಕ ನೆರವಿದೆ. ಅದೇ ಬಡಗಿ ಮಾಡಿದ ಬಾಗಿಲಿಗೆ ಪಾಲಿಶ್ ಹೊಡೆಯುವವನ ಕಸುಬು ಆ ಪಟ್ಟಿಯಲ್ಲಿ ಇಲ್ಲ. ಬಡಗಿಗೆ ಸಿಕ್ಕಿದ್ದಕ್ಕೆ ಸಂತೋಷ, ನಮ್ಮನ್ನೂ ಸೇರಿಸಿ ಅನ್ನುವುದಷ್ಟೇ ಬೇಡಿಕೆ. ನಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಬರುತ್ತದೆ, ಶ್ರಮ ಸಾಮರ್ಥ್ಯ ಅಂತ ತರಬೇತಿ ಮತ್ತು ಟೂಲ್ ಕಿಟ್ ಯೋಜನೆಯೂ ಇದೆ. ಬಣ್ಣದವರಿಗೆ, ಪಾಲಿಶ್‌ನವರಿಗೆ ಕೊಡುವ ಕಿಟ್‌ನಲ್ಲಿ ಒಂದು ಅಳತೆಯ ಕಪ್, ಗೆರೆ ಇರುವ ಒಂದು ಜಗ್, ಕಾರ್ಟ್ರಿಜ್ ಮಾಸ್ಕ್ ಇಡಿ. ಕಪ್ ಬೆಲೆ ಒಬ್ಬ ಮಿಸ್ತ್ರಿಯ ಒಂದು ದಿನದ ಕೂಲಿಯ ಆಸುಪಾಸು ಅಷ್ಟೇ. ತರಬೇತಿ ಕೊಡುವಾಗ ಎಸಿ ಹಾಲ್‌ನಲ್ಲಿ ಸ್ಲೈಡ್ ತೋರಿಸಿ ಕಳಿಸಬೇಡಿ, ಗನ್ ಕೈಗೆ ಕೊಡಿ, ದಪ್ಪ, ತೆಳು, ಸರಿ ಮೂರೂ ಮಾಲನ್ನು ಒಂದೇ ಹಲಗೆ ಮೇಲೆ ಪಕ್ಕಪಕ್ಕ ಹೊಡೆಸಿ. ಅರ್ಧ ದಿನ ಸಾಕು, ಹುಡುಗರು ಜನ್ಮದಲ್ಲಿ ಮರೆಯುವುದಿಲ್ಲ.

ಮನೆ ಕಟ್ಟಿಸುವವರಿಗೆ: ತಿನ್ನರ್ ದುಡ್ಡನ್ನು ಚದರ ಅಡಿ ರೇಟಿನಿಂದ ಬೇರೆ ಮಾಡಿಬಿಡಿ. ಪಾಲಿಶ್ ಯಾವ ಕಂಪನಿಯದೋ ಅದೇ ಕಂಪನಿಯ, ಅದೇ ಮಾಲಿಗೆ ಹೇಳಿದ ತಿನ್ನರ್ ಅನ್ನು ಸೀಲ್ ಇರುವ ಡಬ್ಬದಲ್ಲಿ ಬಿಲ್ ಸಮೇತ ನೀವೇ ತಂದುಕೊಡಿ. ಮೊದಲ ದಿನ ಬೆರೆಸುವಾಗ ಪಕ್ಕದಲ್ಲಿ ನಿಂತು ಎಷ್ಟಕ್ಕೆ ಎಷ್ಟು ಅಂತ ಕೇಳಿ ಬರೆದುಕೊಳ್ಳಿ, ಅನುಮಾನ ಪಡುವ ಹಾಗೆ ಅಲ್ಲ, ತಿಳಿದುಕೊಳ್ಳುವ ಹಾಗೆ. ಒಂದು ಮಾದರಿ ಹಲಗೆ ಹೊಡೆಸಿ, ವಾರ ಬಿಟ್ಟು ಉಗುರು ಒತ್ತಿ ನೋಡಿ, ಆಮೇಲೆ ಬಾಗಿಲಿಗೆ ಗನ್ ಹಿಡಿಯಲಿ. ಅಷ್ಟು ದಿನ ಕಾಯಲು ಒಪ್ಪಿದ ಮನೆಯವರಿಗೆ ನಮ್ಮವರು ಖಂಡಿತ ಒಳ್ಳೆಯ ಕೆಲಸ ಮಾಡಿಕೊಡುತ್ತಾರೆ.

— ಒಬ್ಬ ಪಾಲಿಶ್ ಕೆಲಸಗಾರ, ಶಿವಮೊಗ್ಗ